ಗುಡ್ಡ ಹತ್ತಬೇಕೋ, ಕಾಲುದಾರಿಯಲ್ಲಿ ಸುತ್ತಬೇಕೋ?

ಓರಿಯಂಟೀರಿಂಗ್‌ನಲ್ಲಿ, ಅಂದರೆ ನಕ್ಷೆ, ದಿಕ್ಸೂಚಿ ಹಿಡಿದು ಕಂಟ್ರೋಲ್ ಎಂಬ ಗುರುತಿನ ಜಾಗಗಳನ್ನು ಕ್ರಮವಾಗಿ ಮುಟ್ಟುತ್ತಾ ಓಡುವ ಆಟದಲ್ಲಿ, 4ರಿಂದ 5ನೇ ಕಂಟ್ರೋಲ್‌ಗೆ ಗುಡ್ಡದ ಮೇಲೆ ನೇರ 800 ಮೀಟರ್, ಸಮತಟ್ಟಾದ ಕಾಲುದಾರಿಯಲ್ಲಿ ಸುತ್ತಿದರೆ 1250, ಯಾವುದು ವಾಸಿ ಅಂತ ಕೇಳಿದ್ದೀರಿ.

ಮೊದಲು ನಕ್ಷೆಯಲ್ಲಿ ಎತ್ತರ ತೋರಿಸುವ ಕಾಂಟೂರ್ ಗೆರೆ ಎಣಿಸಿ. ನೀವು ಹೇಳಿದ 12 ಗೆರೆ ಅಂದರೆ, ಗೆರೆಗಳ ನಡುವೆ 5 ಮೀಟರ್ ಎತ್ತರದ ಅಂತರವಿರುವ ನಕ್ಷೆಯಲ್ಲಿ, 60 ಮೀಟರ್ ಏರು. ಒಂದು ಮೀಟರ್ ಏರಿಗೆ ಸಮತಟ್ಟಿನ 8 ಮೀಟರ್ ಓಟ ಅಂತ ಹಿಡಿದರೆ 480 ಸೇರಿ 1280. ಅಲ್ಲಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಆದರೆ ನೇರ ದಾರಿಯಲ್ಲಿ ನಕ್ಷೆಯ ತಿಳಿಹಸಿರು ಬಣ್ಣವೂ (ಓಟಕ್ಕೆ ಅಡ್ಡಿಯಾಗುವ ಗಿಡಗಂಟಿ) ಇದೆಯಲ್ಲ, ಅಲ್ಲಿ ವೇಗ ಶೇ. 60–80ಕ್ಕೆ ಇಳಿಯುತ್ತೆ. ಹಾಗಾಗಿ ಕಾಲುದಾರಿಯೇ ಸರಿ. (ಗಾಢ ಹಸಿರು, ಅಂದರೆ ಇನ್ನೂ ದಟ್ಟವಾಗಿದ್ದರೆ, ಲೆಕ್ಕ ಹಾಕುವ ಗೋಜೇ ಬೇಡ.)

ಸಾಮಾನ್ಯವಾಗಿ ಎಡವುವುದು ಕೊನೆಯ 100 ಮೀಟರಿನಲ್ಲಿ. ಅದಕ್ಕೇ ದಾರಿಯನ್ನು ಕಂಟ್ರೋಲ್ ಕಡೆಯಿಂದ ಹಿಂದಕ್ಕೆ ಯೋಚಿಸಿ: ಅದರ ಹತ್ತಿರ ಖಂಡಿತ ಗುರುತು ಸಿಗುವ ಜಾಗ ಯಾವುದು? ನಿಮಗೆ ಕಾಲುದಾರಿ ತೊರೆ ದಾಟುವಲ್ಲಿ ಸಿಗುತ್ತೆ. ಅಲ್ಲಿಂದ ದಿಕ್ಸೂಚಿ ಹಿಡಿದು, ಹೆಜ್ಜೆ ಎಣಿಸುತ್ತಾ ನಿಧಾನಕ್ಕೆ ಹೋಗಿ. ಕಂಟ್ರೋಲ್ ಮೀರಿ ಹೋದರೆ ತಡೆಯುವ ಬೇಲಿಯನ್ನೋ ಬಂಡೆಸಾಲನ್ನೋ ಮೊದಲೇ ನೋಡಿಟ್ಟುಕೊಳ್ಳಿ.

ಇದನ್ನೆಲ್ಲ 4ರ ಬಳಿ ನಿಂತು ಮಾಡಬೇಡಿ, 3ರಿಂದ ಬರುವಾಗ ಸಲೀಸಾದ ಕಡೆ ಓಡುತ್ತಲೇ ಮುಗಿಸಿ. ಅರ್ಧದಲ್ಲಿ ಮನಸ್ಸು ಬದಲಿಸಿದರೆ ಎರಡೂ ದಾರಿಯ ಖರ್ಚು ನಿಮ್ಮ ತಲೆಗೇ.