ಟೆಕ್ಸಾಸ್ ಬಿಂಗೊ ವರದಿಯಲ್ಲಿ ಅಷ್ಟು ದುಡ್ಡು, ದಾನಕ್ಕೆ ಯಾಕೆ ಇಷ್ಟೇ?

ಟೆಕ್ಸಾಸ್‌ನಲ್ಲಿ ಸಂಘಗಳು ದಾನಕ್ಕೆ ದುಡ್ಡು ಎತ್ತಲು ಬಿಂಗೊ (ಕೂಗಿದ ಅಂಕಿಗಳನ್ನು ಹಾಳೆಯಲ್ಲಿ ಗುರುತಿಸುವ ಆಟ) ಆಡಿಸುತ್ತವೆ. ಅದರ ವರದಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಒಟ್ಟು ವಸೂಲಿ. ಅದು ಲಾಭ ಅಲ್ಲ. ಬಿಂಗೊ ಹಾಳೆ, ಪುಲ್-ಟ್ಯಾಬ್ ಟಿಕೆಟ್ (ಪಟ್ಟಿ ಎಳೆದು ಬಹುಮಾನ ಇದೆಯಾ ನೋಡುವ ಚೀಟಿ) ಮಾರಿದ ದುಡ್ಡಿನಲ್ಲಿ ಜಾಸ್ತಿ ಪಾಲು ಬಹುಮಾನವಾಗಿ ಆಡಿದವರ ಕೈಗೇ ವಾಪಸ್ ಹೋಗುತ್ತದೆ. ಆಮೇಲೆ ಹಾಲ್ ಬಾಡಿಗೆ, ಸಂಬಳ, ಹಾಳೆ ಖರೀದಿ. ಸುಮ್ನೆ ಲೆಕ್ಕಕ್ಕೆ 100 ಡಾಲರ್ ಬಂತು ಅನ್ನಿ. ಬಹುಮಾನಕ್ಕೆ 75, ಖರ್ಚಿಗೆ 20 ಹೋದರೆ ದಾನಕ್ಕೆ ಉಳಿಯುವುದು 5 ಅಲ್ವಾ? ಹಾಗಾಗಿ ನಾನು ಮೇಲಿನ ದೊಡ್ಡ ಅಂಕಿ ಬಿಟ್ಟು ಖರ್ಚಿನ ಸಾಲನ್ನೇ ಮೊದಲು ನೋಡುತ್ತೇನೆ.

5 ಡಾಲರ್ ದಾಟಿದ ಬಹುಮಾನದ ಮೇಲೆ ಶೇ. 5 ಶುಲ್ಕವಿದೆ. ಅದನ್ನು ಗೆದ್ದವರಿಂದಲೇ ಹಿಡಿದುಕೊಳ್ಳುತ್ತಾರೆ. ಈ ಲೆಕ್ಕವನ್ನೆಲ್ಲ ಸಂಘಗಳು 3 ತಿಂಗಳಿಗೊಮ್ಮೆ ಸರ್ಕಾರಕ್ಕೆ ಕೊಡಬೇಕು. ಬಿಂಗೊ ಉಸ್ತುವಾರಿಯನ್ನು ಮೊದಲು ರಾಜ್ಯದ ಲಾಟರಿ ಆಯೋಗ ನೋಡಿಕೊಳ್ಳುತ್ತಿತ್ತು. 2025ರ ಸೆಪ್ಟೆಂಬರ್‌ನಿಂದ ಅದು ರಾಜ್ಯದ ಲೈಸೆನ್ಸ್ ಇಲಾಖೆಗೆ ಬಂದಿದೆ.