ಒಂದೇ ಪಂಕ್ತಿಯ ಊಟ ಸಾಲದು, ಮಾಸ್ತರರೇ

ಆಳಂದ ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ತಮ್ಮ ಹೆಸರಾಗಲಿ ಊರ ಹೆಸರಾಗಲಿ ಅಚ್ಚಾಗಬಾರದು ಎಂದಿದ್ದಾರೆ. ಸಾರ ಇಷ್ಟು: ಹೋದ ವರ್ಷ ಗಣಪತಿ ಕಳಿಸುವ ದಿನ ಡಿಜೆ ಸಲುವಾಗಿ ಮಾತಿಗೆ ಮಾತು ಬೆಳೆಯಿತು. ಹೊಡೆದಾಟ ಆಗಲಿಲ್ಲ. ಆದರೆ ಅಂದಿನಿಂದ ಬಸ್‌ಸ್ಟ್ಯಾಂಡಿನ ಎರಡು ಚಹಾದಂಗಡಿಗಳ ಗಿರಾಕಿಗಳು ಬೇರೆಬೇರೆಯಾದರು. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾ ಬೆಳಗಾದರೆ ಐನೂರು ವರ್ಷದ ಹಿಂದಿನ ಲೆಕ್ಕ ಚುಕ್ತಾ ಮಾಡುವ ಸಂದೇಶಗಳು. “ಹಿಂದಕ್ಕ ನಾವೆಲ್ಲಾ ಒಂದೇ ಇದ್ದೆವು. ಈಗ ನಮ್ಮನ್ನ ಕೂಡಿಸಂಥದು ಏನರೆ ಉಳದದ ಏನ್ರಿ?” ಎಂದು ಕೇಳಿದ್ದಾರೆ. ಆ ಗುಂಪು ಬಿಟ್ಟುಬಿಡಲೇ ಎಂದೂ ಕೇಳಿದ್ದಾರೆ. ಕೊನೆಗೆ, ಪತ್ರಿಕೆ ಒಂದು ಭಾವೈಕ್ಯ ವಿಶೇಷಾಂಕ ತರಲಿ ಎಂಬ ಸಲಹೆ.

ಮಾಸ್ತರರೇ, ನಮಸ್ಕಾರ.

“ಹಿಂದಕ್ಕ ನಾವೆಲ್ಲಾ ಒಂದೇ ಇದ್ದೆವು” ಎಂಬ ನಿಮ್ಮ ಮಾತಿಗೆ ನನ್ನ ತಕರಾರಿದೆ. ನಮ್ಮ ಭಾಗದಲ್ಲಿ ನಿಂತು ಆ ಮಾತು ಹೇಳುವುದು ಕಷ್ಟ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಿಜಾಮನ ಪರವಾಗಿ ಆಯುಧ ಹಿಡಿದ ರಜಾಕಾರರು ನಡೆಸಿದ ಕೊಲೆಗಳು ನಿಮಗೆ ಗೊತ್ತಿರುವಂಥವೇ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಬಂದು ನಿಜಾಮನ ಹೈದರಾಬಾದ್ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡ ಪೊಲೀಸ್ ಆ್ಯಕ್ಷನ್ ಆದ ಮೇಲೆ ಇದೇ ಸೀಮೆಯ ಹಳ್ಳಿಗಳಲ್ಲಿ ಮುಸಲ್ಮಾನರ ಮೇಲೆ ನಡೆದದ್ದನ್ನು ಕೇಂದ್ರ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಬರೆದಿಟ್ಟಿತು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜತೆ ಗುಲಬರ್ಗಾ, ಬೀದರ್ ಹೆಸರೂ ಇವೆ. ಆ ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ಹೀಗಾಗಿ ಕೆಲವು ಮನೆಗಳಲ್ಲಿ ಮೇ ತಿಂಗಳ ಕಥೆ ಮಾತ್ರ ಹೇಳುತ್ತಾರೆ, ಕೆಲವು ಮನೆಗಳಲ್ಲಿ ಸೆಪ್ಟೆಂಬರ್ ನಂತರದ್ದು ಮಾತ್ರ. ಎರಡನ್ನೂ ಒಂದೇ ಜಗಲಿಯ ಮೇಲೆ ಕುಳಿತು ಕೇಳಿದವರು ಎಷ್ಟು ಮಂದಿ?

ಇನ್ನು ಬಾವಿಯ ಮಾತು. ಊರೆಲ್ಲ ಒಂದೇ ಬಾವಿಯ ನೀರು ಕುಡಿದೆವು ಎಂದು ಬರೆದಿದ್ದೀರಿ. ದಲಿತ ಕೇರಿಯವರು ಆ ಬಾವಿಯಲ್ಲಿ ತಾವೇ ಕೊಡ ಇಳಿಬಿಡುತ್ತಿದ್ದರೋ, ಯಾರಾದರೂ ಸೇದಿ ಹಾಕಲಿ ಎಂದು ದೂರ ನಿಂತಿರುತ್ತಿದ್ದರೋ? ಹಳೆಯದನ್ನು ಕೆದಕಬೇಕೆಂದು ಇದನ್ನು ಕೇಳುತ್ತಿಲ್ಲ. “ಎಲ್ಲರೂ ಚೆನ್ನಾಗಿದ್ದೆವು” ಎಂಬ ಮಾತು ಕೆಲವರಿಗೆ “ನಿನ್ನ ದೂರು ಈಗ ಬೇಡ, ಬಾಯಿ ಮುಚ್ಚು” ಎಂದು ಕೇಳಿಸುತ್ತದೆ. ಹಾಗೆ ಕೇಳಿಸಿಕೊಂಡವರು ನೀವು ಕರೆದ ಸಭೆಗೆ ಯಾಕೆ ಬರಬೇಕು?

ಹಾಗಂತ ನಮ್ಮ ಹತ್ತಿರ ಏನೂ ಇರಲಿಲ್ಲ ಎಂದಲ್ಲ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿ ಇದೆ. ಲಿಂಗಾಯತ ಭಕ್ತರಿಗೆ ಆತ ಅಲ್ಲಮಪ್ರಭುವಿನ ಅವತಾರ. ಉರುಸು ಹಿಂದೂ ಪಂಚಾಂಗದ ತಿಥಿಯಂತೆ ನಡೆಯುತ್ತದೆ. ನಮ್ಮ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಭಕ್ತರ ಸಂಗಡ ಬರುತ್ತಾರೆ. ಶಂಖ ಊದುತ್ತದೆ, ಗೋರಿಯ ಮುಂದೆ ಕಾಯಿ ಒಡೆಯುತ್ತದೆ. ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಮೌನೇಶ್ವರನ ಭಕ್ತರು ಪೀರ, ಪೈಗಂಬರ, ಕಾಶಿಪತಿ ಎಲ್ಲರನ್ನೂ ಒಂದೇ ಉಸಿರಿನಲ್ಲಿ ಕೂಗುತ್ತಾರೆ. ಮೊಹರಂನಲ್ಲಿ ಅಲಾಯಿ ದೇವರಿಗೆ ಹರಕೆ ಹೊತ್ತ ಹಿಂದೂ ಮನೆಗಳು ನಿಮ್ಮ ಊರಲ್ಲೂ ಇದ್ದೇ ಇರುತ್ತವೆ. ಇದನ್ನೆಲ್ಲ ಹಗುರವಾಗಿ ತೆಗೆದುಕೊಳ್ಳುವವನು ನಾನಲ್ಲ. ಆದರೆ ಜಾತ್ರೆ ವರ್ಷಕ್ಕೊಮ್ಮೆ ಬರುತ್ತದೆ. ವಾಟ್ಸ್‌ಆ್ಯಪ್ ದಿನಾ ಬೆಳಿಗ್ಗೆ.

ಇಂಥ ಪ್ರಸಂಗ ಬಂದಾಗ ಹಿರಿಯರು ಮೊದಲು ಹೇಳುವ ಪರಿಹಾರ ಸಹಪಂಕ್ತಿ ಭೋಜನ. ನೀವೂ ಹೇಳಿದ್ದೀರಿ. ಇದರ ಬಗ್ಗೆ ಒಂದು ಹಳೆಯ ಪ್ರಯೋಗವಿದೆ. 1954ರಲ್ಲಿ ಅಮೆರಿಕದ ಒಕ್ಲಹೋಮ ರಾಜ್ಯದಲ್ಲಿ ಮುಜಫರ್ ಷರೀಫ್ ಎಂಬ ಮನೋವಿಜ್ಞಾನಿ ಬೇಸಿಗೆ ಶಿಬಿರವೊಂದಕ್ಕೆ 22 ಹುಡುಗರನ್ನು ಕರೆತಂದ. ಎಲ್ಲರೂ ಒಂದೇ ಬಣ್ಣ, ಒಂದೇ ಪಂಥ, ಒಂದೇ ತರಹದ ಮನೆತನ. ಎರಡು ತಂಡ ಮಾಡಿ ಸ್ಪರ್ಧೆಗೆ ಬಿಟ್ಟದ್ದೇ ತಡ, ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ಕೋಣೆಗಳಿಗೆ ನುಗ್ಗಿದರು. ಜಗಳಕ್ಕೆ ಧರ್ಮವೂ ಬೇಕಾಗಲಿಲ್ಲ, ಜಾತಿಯೂ ಬೇಕಾಗಲಿಲ್ಲ. ಆಮೇಲೆ ಅವರನ್ನು ಕೂಡಿಸಲು ಒಟ್ಟಿಗೆ ಊಟಕ್ಕೆ ಕೂರಿಸಿದರು, ಸಿನಿಮಾ ತೋರಿಸಿದರು. ಹುಡುಗರು ಊಟವನ್ನೇ ಒಬ್ಬರ ಮೇಲೊಬ್ಬರು ಎಸೆದುಕೊಂಡರು! ಕೊನೆಗೆ ಶಿಬಿರದ ನೀರು ನಿಂತಿತು. ನಿಲ್ಲಿಸಿದವರು ಸಂಶೋಧಕರೇ ಅನ್ನಿ. ಎರಡೂ ತಂಡದವರು ಕೊಳವೆ ಹುಡುಕುತ್ತ ತೊಟ್ಟಿಯವರೆಗೆ ಹೋಗಬೇಕಾಯಿತು. ಕೆಟ್ಟು ನಿಂತ ಲಾರಿಯನ್ನು ಒಂದೇ ಹಗ್ಗಕ್ಕೆ ಎಲ್ಲರೂ ಕೈಹಾಕಿ ಎಳೆಯಬೇಕಾಯಿತು. ಇಂಥ ಕೆಲಸಗಳು ಒಂದರ ಮೇಲೊಂದು ಬಂದಾಗಲೇ ಬೈಗುಳ ಕಡಿಮೆಯಾದದ್ದು. ಸಂಶೋಧಕರು ಬೇಕೆಂದೇ ಸೂತ್ರ ಆಡಿಸಿದರು ಎಂಬ ಟೀಕೆ ಈ ಪ್ರಯೋಗದ ಮೇಲಿದೆ, ನ್ಯಾಯವಾದ ಟೀಕೆಯೇ. ಆದರೂ ಆ ಊಟದ ಸಂಗತಿ ನನ್ನ ತಲೆಯಿಂದ ಹೋಗುವುದಿಲ್ಲ.

ಅದು ದೂರದ ದೇಶದ ಹುಡುಗರ ಕಥೆ ಎನ್ನಬಹುದು. ನಮ್ಮ ದೇಶದ್ದೇ ನೋಡೋಣ. ಅಶುತೋಷ್ ವಾರ್ಷ್ಣೇಯ ಎಂಬ ವಿದ್ವಾಂಸರು 1950ರಿಂದ 1995ರವರೆಗಿನ ಹಿಂದೂ-ಮುಸ್ಲಿಂ ಗಲಭೆಗಳ ಲೆಕ್ಕ ತೆಗೆದರು. ಸತ್ತವರಲ್ಲಿ ಹಳ್ಳಿಗಳ ಪಾಲು ಶೇ 4ಕ್ಕಿಂತ ಕಡಿಮೆ. ಅಲಿಗಢ ಉರಿಯುವಾಗ ಕೋಳಿಕ್ಕೋಡ್ ಯಾಕೆ ಉರಿಯಲಿಲ್ಲ ಎಂದು ಎರಡೂ ಊರು ಹೋಲಿಸಿ ನೋಡಿದರು. ಅವರಿಗೆ ಕಂಡದ್ದು: ನಗರದಲ್ಲಿ ನೆರೆಹೊರೆಯ ನಮಸ್ಕಾರ-ಸಲಾಮು ಸಾಲದು. ವ್ಯಾಪಾರಿಗಳ ಸಂಘ, ಕಾರ್ಮಿಕರ ಸಂಘ, ಓದುಗರ ಕೂಟ, ಇಂಥಲ್ಲಿ ಎರಡೂ ಕಡೆಯವರು ಸದಸ್ಯರಾಗಿದ್ದರೆ ಗಾಳಿಸುದ್ದಿ ಬಂದ ರಾತ್ರಿ ಒಬ್ಬರಿಗೊಬ್ಬರು ಫೋನು ಹಚ್ಚುತ್ತಾರೆ. ಊರು ಒಡೆದರೆ ತಮ್ಮ ಸಂಘವೂ ಒಡೆಯುತ್ತದೆ ಎಂಬ ಹೆದರಿಕೆ ಅವರಿಗಿರುತ್ತದೆ. ಹಳ್ಳಿಗೆ ದಿನನಿತ್ಯದ ಮುಖಪರಿಚಯವೇ ಬಹುಮಟ್ಟಿಗೆ ಸಾಕಾಗಿತ್ತು. ಆದರೆ ಅದು 1995ರ ಮಾತು. ಈಗ ಶಹರದ ಗಾಳಿ ನಿಮ್ಮ ಹುಡುಗರ ಕಿಸೆಯೊಳಗೇ ಇದೆ. ಆದ್ದರಿಂದ ಹಳ್ಳಿಗೂ ಈಗ ಪುಸ್ತಕ, ಸಹಿ, ಲೆಕ್ಕ ಇರುವ ಕೂಟ ಬೇಕು ಎಂಬುದು ನನ್ನ ಎಣಿಕೆ.

ಸಂಘಗಳು ಇಲ್ಲವೇ? ಬೇಕಾದಷ್ಟಿವೆ. ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವುದರಲ್ಲಿ ಬೀದರ್ ಜಿಲ್ಲೆ ಹೆಸರು ಮಾಡಿದೆ. ಆದರೆ ಸಂಘ ಕಟ್ಟುವುದು ಓಣಿಯ ಮೇಲೆ, ಓಣಿ ಇರುವುದು ಜಾತಿಯ ಮೇಲೆ. ಹಾಗಾಗಿ ನಮ್ಮ ಎಷ್ಟೋ ಸಂಘಗಳ ಠರಾವು ಪುಸ್ತಕ ತೆರೆದರೆ ಸಹಿಗಳೆಲ್ಲ ಒಂದೇ ಓಣಿಯವು. ಕೂಡಿ ಉಳಿಸುತ್ತಾರೆ, ಸರಿ. ಯಾರ ಜತೆ ಕೂಡಿ ಎಂದು ಕೇಳಬೇಕು.

ದೊಡ್ಡ ಪ್ರಮಾಣದಲ್ಲಿ ಕೂಡಿದ್ದೂ ಉಂಟು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನ ಕೊಡಿಸಿದ 371(ಜೆ) ವಿಧಿಯ ಹೋರಾಟವನ್ನೇ ತೆಗೆದುಕೊಳ್ಳಿ. ವೈಜನಾಥ ಪಾಟೀಲರು ವರ್ಷಗಟ್ಟಲೆ ಹಟ ಹಿಡಿದರು. ಪಕ್ಷ, ಜಾತಿ, ಧರ್ಮ ಬೇರೆಬೇರೆಯಾದವರು ಅದೇ ಬೇಡಿಕೆ ಇಟ್ಟರು. 2012ರಲ್ಲಿ 98ನೇ ತಿದ್ದುಪಡಿ ಆಯಿತು. ಇಲ್ಲಿನ ಕಾಲೇಜುಗಳಲ್ಲಿ ಶೇ 70 ಸೀಟು ಇಲ್ಲಿಯವರಿಗೆ. ನಿಮ್ಮ ಮೊಮ್ಮಗ ತರುವ ಅರ್ಹತಾ ಪ್ರಮಾಣಪತ್ರದ ಮೊದಲ ಪ್ರಶ್ನೆ ನೀನು ಎಲ್ಲಿಯವ ಎಂಬುದು. ಆ ಒಂದು ಪ್ರಶ್ನೆಗೆ ಎರಡೂ ಚಹಾದಂಗಡಿಯವರ ಉತ್ತರ ಒಂದೇ. ಆದರೆ ಸೀಟು ಸಿಕ್ಕ ಮೇಲೆ ಅದು ಅವರವರ ಮನೆಯ ಭಾಗ್ಯವಾಯಿತು. ಶಾಲೆಗೆ ಮಾಸ್ತರರು ಬಂದರೋ ಇಲ್ಲವೋ, ಈ ಭಾಗದ ಅಭಿವೃದ್ಧಿ ಮಂಡಳಿಯ ದುಡ್ಡು ಎಲ್ಲಿ ಹೋಯಿತು ಎಂದು ಅದೇ ಜನ ಕೂಡಿ ಕೇಳಿದ್ದು ಅಪರೂಪ. ಬೇಡಿಕೆ ಈಡೇರಿದ ಮರುದಿನದ ಕೆಲಸವನ್ನು ನಾವು ಯಾರೂ ಯೋಚಿಸಿರಲಿಲ್ಲ.

ಈಗ ನಿಮ್ಮ ಊರು. ತೊಗರಿಯ ಊರು ಎಂದಿದ್ದೀರಿ. 2022ರ ಮುಂಗಾರಿನ ತೊಗರಿ ನೆಟೆ ರೋಗ ಹೊಡೆದು ಹೋದದ್ದು ನೆನಪಿರಬೇಕು. ಹೂವಾಡುವ ಗಿಡ ನಿಂತಲ್ಲೇ ಒಣಗಿತು. ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹರಿಯುವ ನೀರಿನೊಂದಿಗೆ ಪಕ್ಕದ ಹೊಲಕ್ಕೆ ಹೋಗುತ್ತದೆ. ನೀವೊಬ್ಬರೇ ಜೋಳ ಹಾಕಿ ಬೆಳೆ ಬದಲಿಸಿದರೆ, ನೆಟೆ ತಡೆಯುವ ಟಿಎಸ್-3ಆರ್ ತಳಿ ಬಿತ್ತಿದರೆ ನಿಮ್ಮ ಹೊಲಕ್ಕೆ ಒಳ್ಳೆಯದು. ಮೇಲಿನ ಹೊಲದವನೂ ಹಾಗೆ ಮಾಡಿದರೆ ಎರಡಕ್ಕೂ ಒಳ್ಳೆಯದು. ಮೇಲಿನ ಹೊಲ ಯಾರದು, ಮಾಸ್ತರರೇ? ಬೀಜದ ಯಾದಿಯನ್ನು ಊರಿಗೆಲ್ಲ ಒಂದೇ ಮಾಡಿ, ರೈತ ಸಂಪರ್ಕ ಕೇಂದ್ರಕ್ಕೆ ಎರಡೂ ಓಣಿಯಿಂದ ಒಬ್ಬೊಬ್ಬರು ಜತೆಯಾಗಿ ಹೋಗಲಿ. ಇನ್ನೊಂದು ಜಾಗ ನಿಮ್ಮ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅಲ್ಲಿ ನಿಮ್ಮ ಮಾತು ನಡೆಯುತ್ತದೆ. ಬಿಸಿಯೂಟದ ಬೇಳೆ, ಸೋರುವ ಕೋಣೆ, ಹೆಣ್ಣುಮಕ್ಕಳ ಶೌಚಾಲಯದ ನೀರು, ಈ ಮೂರರ ಮೇಲೆ ಜಗಳವಾಗಲಿ. ಜೋರಾಗಿಯೇ ಆಗಲಿ. ದಲಿತ ಕೇರಿಯ ತಾಯಿಯೊಬ್ಬಳು ಎದ್ದು “ಅಡಿಗಿ ಯಾರು ಮಾಡ್ತಾರ ಅಂತ ನೋಡಿ ಯಾಕ ಕೆಲವು ಹುಡುಗರು ಉಣ್ಣಂಗಿಲ್ಲ?” ಎಂದು ಕೇಳಿದರೆ ಸಭೆ ಕೆಟ್ಟಿತು ಎನ್ನಬೇಡಿ. ಅಂಥ ಪ್ರಶ್ನೆ ಕೇಳಲು ಜಾಗವಿಲ್ಲದ ಒಗ್ಗಟ್ಟು ನನಗೂ ಬೇಡ.

ಇಷ್ಟಾದರೆ ಎಲ್ಲರ ಮನಸ್ಸು ತೊಳೆದಂತಾಗುತ್ತದೆ ಎಂದು ಆಸೆ ಹುಟ್ಟಿಸಲಾರೆ. ಇರಾಕ್‌ನಲ್ಲಿ ಸಲ್ಮಾ ಮೂಸಾ ಎಂಬ ಸಂಶೋಧಕಿ ಕ್ರೈಸ್ತ ಮತ್ತು ಮುಸ್ಲಿಂ ಆಟಗಾರರನ್ನು ಕೂಡಿಸಿ ಫುಟ್‌ಬಾಲ್ ತಂಡ ಕಟ್ಟಿ ನೋಡಿದರು. ತಂಡದೊಳಗೆ ಸ್ನೇಹ ಬೆಳೆಯಿತು, ಆಮೇಲೂ ಜತೆಗೆ ಆಡಿದರು. ಆದರೆ ಪರಿಚಯವಿಲ್ಲದ ಮುಸ್ಲಿಮರ ಬಗ್ಗೆ ಕ್ರೈಸ್ತ ಆಟಗಾರರ ನಡವಳಿಕೆ ಅಷ್ಟೇನೂ ಬದಲಾಗಲಿಲ್ಲ. 2020ರಲ್ಲಿ ಪ್ರಕಟವಾದ ಫಲಿತಾಂಶ ಇದು. ನಿಮ್ಮ ಊರಿನ ಮಟ್ಟಿಗೆ ಇದು ಸಾಕು ಎಂದು ನನಗನ್ನಿಸುತ್ತದೆ. ಅಲ್ಲಿ ಪರಿಚಯವಿಲ್ಲದವರು ಯಾರಿದ್ದಾರೆ?

ಗುಂಪು ಬಿಡಬೇಡಿ. ಆದರೆ ಅಲ್ಲಿ ಉತ್ತರ ಬರೆಯುವುದನ್ನು ಬಿಡಿ. ನೂರು ಮಂದಿಯ ಮುಂದೆ ಯಾರೂ ಸೋಲುವುದಿಲ್ಲ. ಸಂದೇಶ ಹಾಕಿದವನ ಮನೆಗೆ ಸಂಜೆ ಹೋಗಿ, “ಇದು ನಿನಗ ಎಲ್ಲಿಂದ ಬಂತಪಾ?” ಎಂದು ಕೇಳಿ. ಅರ್ಧ ಊರು ನಿಮ್ಮ ಕೈಯಲ್ಲಿ ಮಗ್ಗಿ ಕಲಿತದ್ದು, ಬಾಗಿಲು ಹಾಕಿಕೊಳ್ಳಲಾರರು.

ಭಾವೈಕ್ಯ ವಿಶೇಷಾಂಕ ತರುವುದಿಲ್ಲ, ಕ್ಷಮಿಸಿ. ಅದರಲ್ಲಿ ಏನೇನು ಬರುತ್ತದೆಂದು ನಮಗೂ ಗೊತ್ತು, ಓದುಗರಿಗೂ ಗೊತ್ತು: ಮೂವರು ಧರ್ಮಗುರುಗಳು ಕೈ ಕೈ ಹಿಡಿದು ಮೇಲೆತ್ತಿದ ಮುಖಪುಟ, ಮತ್ತು ಕವಿತೆಗಳು. ಬದಲಿಗೆ ನಿಮ್ಮ ಎಸ್‌ಡಿಎಂಸಿಯ ಮುಂದಿನ ಸಭೆಯಲ್ಲಿ ಏನಾಯಿತು ಎಂದು ಬರೆದು ಕಳಿಸಿ, ಜಗಳ ಸಮೇತ, ಹೆಸರುಗಳನ್ನು ಬಿಟ್ಟು. ಎರಡು ಪುಟ ಕಾಯ್ದಿಡುತ್ತೇನೆ. ಅವಸರವಿಲ್ಲ, ತೊಗರಿ ರಾಶಿ ಮುಗಿದ ಮೇಲೆ ಕಳಿಸಿದರೂ ನಡೆದೀತು.

— ಸಂಪಾದಕ