ಕಯಾಕ್‌ನಿಂದ (ಹುಟ್ಟು ಹಾಕುವ ಪುಟ್ಟ ದೋಣಿಯಿಂದ) ಲಾಬ್‌ಸ್ಟರ್ ಹಿಡಿಯಲು ಹೂಪ್ ನೆಟ್ ಬಲೆ ಎಲ್ಲಿ ಬಿಡಬೇಕು?
ಬಂಡೆ ಮುಗಿದು ಮರಳು ಶುರುವಾಗುವ ಅಂಚಿನಲ್ಲಿ, ಮರಳಿನ ಕಡೆಗೆ ಬಿಡಿ. ದಕ್ಷಿಣ ಕ್ಯಾಲಿಫೋರ್ನಿಯಾದ ಮುಳ್ಳು ಲಾಬ್‌ಸ್ಟರ್ ಹಗಲೆಲ್ಲಾ ಬಂಡೆಯ ಸಂದಿಯಲ್ಲಿ ಮೀಸೆ ಮಾತ್ರ ಹೊರಗೆ ಚಾಚಿಕೊಂಡು ಕೂತಿರುತ್ತದೆ, ಕತ್ತಲಾದ ಮೇಲೆ ಮೇಯಲು ಹೊರಗೆ ನಡೆದು ಬರುತ್ತದೆ. ಅದು ಬರುವ ದಾರಿಯಲ್ಲೇ ಬಲೆ ಇರಬೇಕು, ಅಲ್ವಾ?

ಬಂಡೆಯ ಮೇಲೇ ಬಿಟ್ಟರೆ ಯಾಕಾಗಲ್ಲ ಅಂದರೆ, ಹೂಪ್ ನೆಟ್ ಬೋನಿನಂತಲ್ಲ, ಬಳೆಗೆ ಕಟ್ಟಿದ ತೆರೆದ ಬಲೆ. ಅದು ನೆಲಕ್ಕೆ ಚಪ್ಪಟೆಯಾಗಿ ಕೂತರೇನೇ ಲಾಬ್‌ಸ್ಟರ್ ಮೇಲೆ ಹತ್ತಿ ನಡುವಿನ ಮೀನಿನ ತುಂಡಿಗೆ ಬಾಯಿ ಹಾಕುತ್ತದೆ, ಆಗ ನೀವು ಹಗ್ಗವನ್ನು ಸರಸರ ಎಳೆಯಬೇಕು. ಬಂಡೆ ಮೇಲಾದರೆ ಬಲೆ ಓರೆಯಾಗಿ ಕೂರುತ್ತದೆ, ಬಂಡೆಗೆ ಸಿಕ್ಕಿಕೊಳ್ಳುತ್ತದೆ ಕೂಡ.

ಬಂದರಿನ ಅಲೆತಡೆ ಗೋಡೆಯ ಒಳಬದಿ ಕಯಾಕ್‌ಗೆ ತುಂಬಾ ಒಳ್ಳೆಯ ಜಾಗ. ಅಲೆ ಒಡೆಯುವ ಕಡೆ, ದೋಣಿಗಳು ಓಡಾಡುವ ದಾರಿಯಲ್ಲಿ ಮಾತ್ರ ಬೇಡ. ರಾತ್ರಿ ಬೇರೆ, ಲೈಟ್ ಮರೆಯಬೇಡಿ.